ಮಳೆಯೋ, ಹಾವೋ?

ಮೊಟ್ಟೆಯೊಳಗಿನ ಜೀವಕ್ಕೆ ಹೊರಗಿನ ಲೋಕದ ಅರಿವೇ ಇರುವುದಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಪನಾಮಾ, ಕೋಸ್ಟರಿಕಾ ಕಡೆಯ ಮಳೆಕಾಡಿನ ಕೆಂಪುಗಣ್ಣಿನ ಮರಗಪ್ಪೆಯ ಸಂಗತಿ ತಿಳಿದ ಮೇಲೆ ಹಾಗೆ ಹೇಳುವುದು ಕಷ್ಟ.

ಹಸಿರು ಮೈಯ ಈ ಕಪ್ಪೆ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಹೆಣ್ಣು ಕಪ್ಪೆ ಕೊಳದ ಮೇಲೆ ಬಾಗಿದ ಎಲೆಗೆ ಸುಮಾರು 40 ಮೊಟ್ಟೆಗಳನ್ನು ಲೋಳೆಯ ಮುದ್ದೆಯಾಗಿ ಅಂಟಿಸುತ್ತದೆ. ಅದಕ್ಕೂ ಮೊದಲು ಕೊಳಕ್ಕಿಳಿದು ನೀರು ಹೀರಿಕೊಂಡು ಬರುತ್ತದೆ, ಮೊಟ್ಟೆ ಒಣಗಬಾರದಲ್ಲ! ಆಮೇಲೆ ತಾಯಿಯ ಕಾವಲಿಲ್ಲ. ಆರೇಳು ದಿನಕ್ಕೆ ಮರಿಗಳು ಹೊರಬಂದು ಕೆಳಗಿನ ನೀರಿಗೆ ಬೀಳುತ್ತವೆ.

ಅಷ್ಟರೊಳಗೆ ಹಾವು ಬಂದರೆ? ಅದು ಬಾಯಿ ಹಾಕಿ ಮುದ್ದೆಯನ್ನು ಎಳೆದಾಡುತ್ತಿದ್ದಂತೆ, ನಾಲ್ಕೈದು ದಿನದ ಮರಿಗಳೂ ಮೊಟ್ಟೆಯೊಡೆದು ನೋಡನೋಡುತ್ತಲೇ ನೀರಿಗೆ ಧುಮುಕುತ್ತವೆ. ಮೂತಿಯ ಬಳಿಯ ಗ್ರಂಥಿಗಳ ರಸ ಪೊರೆಯನ್ನು ಕರಗಿಸಿ ದಾರಿ ಮಾಡಿಕೊಡುತ್ತದೆ. ಹಾವು ಬಂದಾಗ ಮರಿಗಳು ಹೀಗೆ ಅವಧಿಗೆ ಮೊದಲೇ ಹೊರಬರುವುದನ್ನು ಜೀವವಿಜ್ಞಾನಿ ಕ್ಯಾರೆನ್ ವಾರ್ಕೆಂಟಿನ್ 1995ರಲ್ಲಿ ಪ್ರಕಟಿಸಿದರು.

ದೊಡ್ಡ ಬೆರಗು ಇನ್ನೂ ಮುಂದಿದೆ. ಆ ಕಾಡಿನಲ್ಲಿ ಮಳೆ ಬಿರುಸು. ಹನಿ ಬಿದ್ದಾಗಲೂ ಮೊಟ್ಟೆಗಳು ಗಡಗಡ ಅಲುಗುತ್ತವೆ, ಆದರೆ ಮರಿಗಳು ಹೊರಡುವುದಿಲ್ಲ. ವಾರ್ಕೆಂಟಿನ್ ಅವರ ತಂಡ ಹಾವಿನ ಅಲುಗಾಟ, ಮಳೆಯ ಅಲುಗಾಟ ಎರಡನ್ನೂ ದಾಖಲಿಸಿಕೊಂಡು ಮೊಟ್ಟೆಗಳ ಮೇಲೆ ಪ್ರಯೋಗಿಸಿತು. ಹಾವಿನದಕ್ಕೆ ಹೆಚ್ಚು ಮರಿಗಳು ಹೊರಬಂದವು, ಮಳೆಯದಕ್ಕೆ ಕಡಿಮೆ. ಎಷ್ಟು ಹೊತ್ತು ಅಲುಗಿತು, ನಡುವೆ ಎಷ್ಟು ಬಿಡುವಿತ್ತು ಎಂಬುದನ್ನು ಅವು ಗ್ರಹಿಸುತ್ತವೆ. ಕಣಜ ಬಂದರೆ ರೀತಿಯೇ ಬೇರೆ. ಅದು ಒಂದೊಂದೇ ಮೊಟ್ಟೆಯನ್ನು ಕೀಳುವುದರಿಂದ, ಅದು ಮುಟ್ಟಿದ ಮೊಟ್ಟೆ, ಹೆಚ್ಚೆಂದರೆ ಅಕ್ಕಪಕ್ಕದವು ಒಡೆಯುತ್ತವೆ. ಉಳಿದವು ಕಾಯುತ್ತವೆ.

ಕಾಯುವುದಕ್ಕೆ ಕಾರಣವಿದೆ. ಅವಸರದಲ್ಲಿ ಹೊರಬಂದ ಮರಿ ಚಿಕ್ಕದು, ನೀರಿನಲ್ಲಿ ಸೀಗಡಿ, ಮೀನುಗಳಿಗೆ ಸುಲಭದ ತುತ್ತು. ಎಲೆಯ ಮೇಲೆ ಕಳೆದ ಒಂದೊಂದು ದಿನವೂ ಅದನ್ನು ಬೆಳೆಸುತ್ತದೆ. ಸುಮ್ಮನೆ ಗಾಬರಿಯಾದರೂ ಪ್ರಾಣಕ್ಕೆ ಎರವು, ನಿಜವಾದ ಅಪಾಯಕ್ಕೆ ಕಿವುಡಾದರೂ ಎರವು. ಇರಬೇಕೋ ಹೊರಡಬೇಕೋ ಎಂದು ಅಲುಗಾಟವನ್ನು ತೂಗಿ ನೋಡುವ ಈ ಜೀವವನ್ನು ಬರಿಯ ಲೋಳೆಯ ಮುದ್ದೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಪಶ್ಚಿಮಘಟ್ಟದ ಹಾರುವ ಕಪ್ಪೆಯೂ ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕೆರೆ, ಹೊಂಡಗಳ ಬದಿಯ ಗಿಡದಲ್ಲಿ ಅಂಥ ಬಿಳಿ ನೊರೆ ಕಂಡರೆ ದಯವಿಟ್ಟು ಕೋಲಿನಿಂದ ಕೆದಕಬೇಡಿ, ಆ ಟೊಂಗೆಯನ್ನು ಕಡಿಯಬೇಡಿ.