ಸಂಗೀತ ಪತ್ರಿಕೆಗಳು ಓದುಗರನ್ನು ಕರೆಯುವುದು ಹೇಗೆ?

(ಸಂಘದ ವಿದ್ಯಾರ್ಥಿಗಳಿಗಾಗಿ ನಡೆದ ಬರವಣಿಗೆ ಮತ್ತು ಪತ್ರಿಕಾ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪುಟವಿನ್ಯಾಸದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಉದಾಹರಣೆಗೆ ನಾನು ಸಂಗೀತ ಪತ್ರಿಕೆಗಳನ್ನು ಆರಿಸಿಕೊಂಡಿದ್ದೇನೆ. ರಾಗ ತಾಳಗಳ ಜ್ಞಾನ ನನಗಿಲ್ಲ. ಮುದ್ರಣಾಲಯದಲ್ಲಿ ಹಲವು ವರ್ಷ ಡಿಟಿಪಿ ಕೆಲಸ ಮಾಡಿದವನು ನಾನು. ನನ್ನ ಪರಿಚಯ ಏನಿದ್ದರೂ ಕಾಗದದ ಜೊತೆಗೆ. ಹಾಗಿದ್ದೂ ಸಂಗೀತ ಪತ್ರಿಕೆಯೇ ಏಕೆ? ಕ್ರೀಡಾ ಪತ್ರಿಕೆಗೆ ಸಿಕ್ಸರ್ ಬಾರಿಸುವ ಚಿತ್ರವಿದೆ, ಅಡುಗೆ ಪತ್ರಿಕೆಗೆ ಬಿರಿಯಾನಿಯ ಚಿತ್ರವಿದೆ. ಹಾಡಿಗೆ ಚಿತ್ರವಿಲ್ಲ, ಕಾಗದ ಹಾಡುವುದೂ ಇಲ್ಲ. ಕಿವಿಯ ವಸ್ತುವನ್ನು ಕಣ್ಣಿಗೆ ಮಾರಬೇಕಾದ ಕಷ್ಟ ಈ ಪತ್ರಿಕೆಗಳದ್ದು. ಆದ್ದರಿಂದ ವಿನ್ಯಾಸದ ಕಸುಬು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ.

ಇನ್ನೊಂದು ಕಾರಣ ನನ್ನ ಸ್ವಂತದ್ದು. ಬಹಳ ವರ್ಷಗಳ ಹಿಂದೆ ಒಂದು ಕಾಲೇಜಿನ ವಾರ್ಷಿಕ ಸಂಚಿಕೆ ನಮ್ಮ ಪ್ರೆಸ್ಸಿಗೆ ಬಂತು. ಮೊದಲ 18 ಪುಟ ಗಣ್ಯರ ಸಂದೇಶ. ಪ್ರತಿ ಸಂದೇಶಕ್ಕೂ ಒಂದು ಪಾಸ್‌ಪೋರ್ಟ್ ಫೋಟೋ, ಸುತ್ತ ಹೂಬಳ್ಳಿಯ ಅಂಚು. ಆಮೇಲೆ ವರದಿ, ಲೆಕ್ಕಪತ್ರ, ಹಾರ ಹಾಕಿಸಿಕೊಳ್ಳುತ್ತಿರುವವರ ಫೋಟೋಗಳು. ವಿದ್ಯಾರ್ಥಿಗಳ ಬರಹಕ್ಕೆ ಉಳಿದದ್ದು ಕೊನೆಯ ಕೆಲವು ಪುಟ. ಕಾಗದ ಉಳಿಸಲೆಂದು ಅವನ್ನೆಲ್ಲ ಸಣ್ಣಕ್ಷರದಲ್ಲಿ ಒತ್ತಿದೆ. ಬೀಡಿ ಕಟ್ಟುವ ತಾಯಿಯ ಬಗ್ಗೆ ಒಬ್ಬ ಹುಡುಗಿ ಬರೆದ ಪ್ರಬಂಧ ಅದರಲ್ಲಿತ್ತು. ಅಕ್ಷರ ಜೋಡಿಸುತ್ತಾ ನಾನು ಎರಡು ಸಲ ಕೈ ನಿಲ್ಲಿಸಿ ಓದಿದ್ದೆ. ಆದರೂ ಕೊನೆಯ ನಾಲ್ಕು ಸಾಲು ಹಿಡಿಸಲಿಲ್ಲವೆಂದು ಸಾಲುಗಳ ನಡುವಿನ ಜಾಗ ಕಿರಿದು ಮಾಡಿ ತುರುಕಿದೆ. ಪರಿವಿಡಿಯಲ್ಲಿ ‘ವಿದ್ಯಾರ್ಥಿ ವಿಭಾಗ’ ಎಂದಷ್ಟೇ ಇತ್ತು. ಬಿಡುಗಡೆಯ ದಿನ ಆಕೆ ಸಂಚಿಕೆಯನ್ನು ಹಿಂದೆ ಮುಂದೆ ತಿರುಗಿಸುತ್ತಾ ತನ್ನದೇ ಬರಹ ಸಿಗದೆ ನಿಂತಿದ್ದುದನ್ನು ನಾನು ಕಂಡೆ. ಯಾರೂ ನನ್ನನ್ನು ತಡೆದಿರಲಿಲ್ಲ. ಪುಟ ಕಟ್ಟಿದವನು ನಾನೇ. ಆ ಸಂಚಿಕೆ ಅತಿಥಿಗಳನ್ನು ಕರೆದಿತ್ತು, ಓದುಗರನ್ನು ಕರೆದಿರಲಿಲ್ಲ. ಈ ವ್ಯತ್ಯಾಸ ಆಗ ನನಗೆ ಗೊತ್ತಿರಲಿಲ್ಲ. ಅದನ್ನು ಮುಂದೆ ಕಲಿಸಿದ್ದು ಹಳೆಯ ಪುಸ್ತಕದಂಗಡಿಗಳಲ್ಲಿ ಸಿಕ್ಕ ವಿದೇಶಿ ಸಂಗೀತ ಪತ್ರಿಕೆಗಳು.

ಬ್ರಿಟನ್ನಿನ ಒಂದು ರೈಲ್ವೆ ನಿಲ್ದಾಣದ ಪತ್ರಿಕೆ ಅಂಗಡಿಯನ್ನು ಊಹಿಸಿಕೊಳ್ಳಿ. ನಮ್ಮಲ್ಲಿ ಪತ್ರಿಕೆಗಳನ್ನು ಕ್ಲಿಪ್ ಹಾಕಿ ತೂಗಿಸುತ್ತೇವೆ ಅಥವಾ ಹಲಗೆಯ ಮೇಲೆ ಹರಡುತ್ತೇವೆ. ಅಲ್ಲಿ ಮೆಟ್ಟಿಲಿನಂತಹ ಕಪಾಟಿನಲ್ಲಿ ಒಂದರ ಮೇಲೊಂದು ಒರಗಿಸಿಡುತ್ತಾರೆ. ಕಣ್ಣಿಗೆ ಬೀಳುವುದು ಮೇಲಿನ ಪಟ್ಟಿ, ಇಲ್ಲವೇ ಎಡಗಡೆಯ ಪಟ್ಟಿ ಮಾತ್ರ. ಹೆಸರು, ಮುಖ್ಯ ಸುದ್ದಿ, ಉಚಿತ ಕೊಡುಗೆ ಎಲ್ಲವೂ ಅಷ್ಟರೊಳಗೇ ಬರಬೇಕು. ರೈಲಿಗೆ ಓಡುವವನು ನಿಲ್ಲುವುದು ಒಂದೆರಡು ಕ್ಷಣ.

1986ರ ಅಕ್ಟೋಬರಿನಲ್ಲಿ ಅಲ್ಲಿ ‘ಕ್ಯೂ’ ಎಂಬ ಮಾಸಪತ್ರಿಕೆ ಹೊರಟಿತು. ಮಾರ್ಕ್ ಎಲೆನ್ ಮತ್ತು ಡೇವಿಡ್ ಹೆಪ್‌ವರ್ತ್ ಅದನ್ನು ಆರಂಭಿಸಿದವರು. ಮೊದಲು ಅವರು ಯೋಚಿಸಿದ್ದು ಇದೇ ಉಚ್ಚಾರಣೆಯ ಮೂರಕ್ಷರದ ಇಂಗ್ಲಿಷ್ ಪದವನ್ನು. ಧ್ವನಿಮುದ್ರಿಕೆಯನ್ನು ನುಡಿಸಲು ಅಣಿಮಾಡುವುದು ಎಂದು ಅದರ ಅರ್ಥ. ಆದರೆ ಸ್ನೂಕರ್ ಆಟದ ಕೋಲಿಗೂ ಅದೇ ಪದ. ಜನ ಇದನ್ನು ಸ್ನೂಕರ್ ಪತ್ರಿಕೆಯೆಂದು ತಿಳಿದರೆ ಗತಿಯೇನು? ಹೀಗೆ ಒಂದೇ ಅಕ್ಷರ ಉಳಿಯಿತು. ಕೆಂಪು ಚೌಕದಲ್ಲಿ ದೊಡ್ಡದೊಂದು ಬಿಳಿ ಅಕ್ಷರ. ಎಷ್ಟೇ ಪತ್ರಿಕೆಗಳ ನಡುವೆ ಸಿಕ್ಕಿಕೊಂಡರೂ ಆ ಮೂಲೆ ಕಾಣುತ್ತಿತ್ತು.

ಕ್ಯೂ ಪತ್ರಿಕೆಯ ಓದುಗರು ಯಾರು? ಅದೇ ಆಗ ಬಂದಿದ್ದ ಸಿಡಿಗಳನ್ನು ಕೊಳ್ಳುವಷ್ಟು ಸಂಬಳವಿದ್ದ, ಯೌವನದ ಗದ್ದಲ ದಾಟಿದ ಜನ. ಆದ್ದರಿಂದ ನುಣುಪಾದ ಕಾಗದ, ಅಚ್ಚುಕಟ್ಟಾದ ಕಾಲಂಗಳು, ಹಿಂದಿನ ಪುಟಗಳಲ್ಲಿ ಹುಡುಕಲು ಸುಲಭವಾದ ವಿಮರ್ಶೆಗಳ ದೊಡ್ಡ ವಿಭಾಗ. ಹಾಡು ಗಟ್ಟಿಯಾಗಿದ್ದರೂ ಪುಟ ಶಾಂತವಾಗಿರುತ್ತಿತ್ತು. ಇದಕ್ಕೆ ತದ್ವಿರುದ್ಧವಾದದ್ದು 1981ರಲ್ಲಿ ಶುರುವಾದ ‘ಕೆರ್‍ರಾಂಗ್’. ಗಿಟಾರಿನ ತಂತಿಗಳನ್ನು ಒಮ್ಮೆಲೇ ಬಾರಿಸಿದಾಗ ಬರುವ ಸದ್ದೇ ಅದರ ಹೆಸರು. ಬಿರುಕುಬಿಟ್ಟ ಗಾಜಿನಂತಹ ಅಕ್ಷರಗಳು. ಹೆಸರು ಓದಿದರೆ ಸಾಕು, ಒಳಗೆ ಎಂತಹ ಸಂಗೀತವಿದೆ ಎಂದು ಗೊತ್ತಾಗುತ್ತದೆ. ಇಷ್ಟವಿಲ್ಲದವರು ದೂರ ಸರಿಯುತ್ತಾರೆ. ಅದೂ ವಿನ್ಯಾಸದ ಕೆಲಸವೇ. ಎಲ್ಲರನ್ನೂ ಕರೆಯಲು ಹೊರಟ ಮುಖಪುಟ ಯಾರನ್ನೂ ಕರೆಯುವುದಿಲ್ಲ.

ಇವೆರಡಕ್ಕಿಂತ ಹಳೆಯದು 1952ರಲ್ಲಿ ಹುಟ್ಟಿದ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆ. ಬ್ರಿಟನ್ನಿನಲ್ಲಿ ಹಾಡುಗಳ ಮಾರಾಟದ ಮೊದಲ ಪಟ್ಟಿಯನ್ನು ಅದೇ ವರ್ಷ ನವೆಂಬರ್ 14ರಂದು ಪ್ರಕಟಿಸಿದ್ದು ಇದು. ಯಾವ ಹಾಡು ಏರಿತು, ಯಾವುದು ಇಳಿಯಿತು ಎಂದು ಪ್ರತಿವಾರ ನೋಡುವ ಚಟವನ್ನು ಒಂದು ಸಣ್ಣ ಪಟ್ಟಿ ಹುಟ್ಟುಹಾಕಿತು. ಇಂತಹ ವಾರಪತ್ರಿಕೆಗಳು ಸುದ್ದಿಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಓದಿದವರ ಬೆರಳಿಗೆ ಮಸಿ ಹತ್ತುತ್ತಿತ್ತು; ಮಸಿ ಪತ್ರಿಕೆಗಳೆಂದೇ ಅಲ್ಲಿ ಅವಕ್ಕೆ ಅಡ್ಡಹೆಸರು. ಆ ಒರಟು ಕಾಗದವೂ ಒಂದು ಮಾತು ಹೇಳುತ್ತಿತ್ತು: ಇದು ಈ ವಾರದ ಬಿಸಿ ಸುದ್ದಿ, ಜೋಪಾನ ಮಾಡುವ ವಸ್ತುವಲ್ಲ.

ಅದೇ ಪತ್ರಿಕೆಯ ಸಂಪಾದಕರಾಗಿದ್ದ ನಿಕ್ ಲೋಗನ್ ಹೊರಬಂದು 1978ರಲ್ಲಿ ‘ಸ್ಮ್ಯಾಶ್ ಹಿಟ್ಸ್’ ಶುರುಮಾಡಿದರು. ಅದರಲ್ಲಿ ದೊಡ್ಡ ವಿಮರ್ಶೆಗಳಿಗಿಂತ ಮುಖ್ಯವಾಗಿದ್ದದ್ದು ಆ ಹೊತ್ತಿನ ಜನಪ್ರಿಯ ಹಾಡುಗಳ ಸಾಹಿತ್ಯ. ಅಚ್ಚ ಬಣ್ಣದ ಹಿನ್ನೆಲೆಯ ಮೇಲೆ ಹಾಡು, ಪಕ್ಕದಲ್ಲಿ ಹಾಡುಗಾರನ ಫೋಟೋ, ಪಿನ್ ಬಿಚ್ಚಿ ಗೋಡೆಗಂಟಿಸಲು ನಡುಪುಟದಲ್ಲಿ ಪೋಸ್ಟರ್. ನಮ್ಮ ಹಿರಿಯರಿಗೆ ಸಿನಿಮಾ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ನೆನಪಾಗಬಹುದು. ತೆಳು ಕಾಗದ, ಒಂದೇ ಬಣ್ಣದ ಮಸಿ, ಅರ್ಧಕ್ಕೇ ನಿಂತ ಕಥಾಸಾರ, ಆಮೇಲೆ ಹಾಡುಗಳು. ಕಾಗದ ಕೆಟ್ಟದಾಗಿದ್ದರೂ ಅದನ್ನು ಎದೆಯ ಜೇಬಿನಲ್ಲಿ ಮಡಚಿಟ್ಟುಕೊಂಡವರು ಎಷ್ಟು ಜನ! ಏಕೆಂದರೆ ಆ ಪುಟವನ್ನು ಓದಿ ಬಿಸಾಡುವುದಲ್ಲ, ಬಳಸುವುದು. ಹಾಡುವಾಗ ಅದು ಕೈಯಲ್ಲಿರಬೇಕು. ಲಂಡನ್ನಿನ ಶಾಲಾ ಹುಡುಗಿಗೂ ನಮ್ಮೂರಿನ ಹುಡುಗನಿಗೂ ಬೇಕಾಗಿದ್ದದ್ದು ಒಂದೇ.

ಬಳಸುವ ಪುಟದ ಮಾತು ಬಂದಾಗ ಉತ್ತರಪ್ರದೇಶದ ಹಾಥ್‌ರಸ್ಸಿನಿಂದ 1935ರಲ್ಲಿ ಹೊರಟ ‘ಸಂಗೀತ್’ ಎಂಬ ಹಿಂದಿ ಮಾಸಪತ್ರಿಕೆಯನ್ನು ಮರೆಯಲಾರೆ. ಅದರ ಆಕರ್ಷಣೆ ಸ್ವರಲಿಪಿಯ ಪುಟಗಳು. ಭಾತಖಂಡೆ ಪದ್ಧತಿಯ ಸ್ವರಲಿಪಿಯಲ್ಲಿ ತಾಳದ ಮಾತ್ರೆಗಳಿಗೆ ತಕ್ಕಂತೆ ಸ್ವರಗಳು ಕಂಬಸಾಲಾಗಿ ನಿಲ್ಲುತ್ತವೆ. ಸಮ್ ಬರುವಲ್ಲಿ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ. ಮಂದ್ರಸ್ವರಕ್ಕೆ ಕೆಳಗೆ ಚುಕ್ಕಿ, ತಾರಸ್ವರಕ್ಕೆ ಮೇಲೆ ಚುಕ್ಕಿ. ಒಂದು ಚುಕ್ಕಿ ಜಾರಿದರೆ ರಾಗವೇ ಕೆಟ್ಟಿತು. ಧಾರವಾಡದ ಕಡೆ ಹಿಂದೂಸ್ತಾನಿ ಕಲಿತವರಿಗೆ ಈ ಲಿಪಿ ಪರಿಚಿತ. ಎಡಗೈಯಲ್ಲಿ ತಿದಿ ಒತ್ತುತ್ತಾ ಬಲಗೈಯನ್ನು ಹಾರ್ಮೋನಿಯಂ ಮೇಲೆ ಇಟ್ಟವನಿಗೆ ಪುಟದಲ್ಲಿ ಬೇಕಾದದ್ದು ಅಲಂಕಾರವಲ್ಲ, ದಾರಿ ತಪ್ಪದ ಕಣ್ಣು. ಅಂದವೆಂದರೆ ಅಲ್ಲಿ ಅದೇ.

ಈಗ ಸ್ವಲ್ಪ ಹುಚ್ಚರ ಕಡೆಗೆ ಬರೋಣ. ಅದೇ ನಿಕ್ ಲೋಗನ್ 1980ರಲ್ಲಿ ತಮ್ಮ ಉಳಿತಾಯದ ಹಣ ಹಾಕಿ ‘ದಿ ಫೇಸ್’ ಎಂಬ ಮಾಸಪತ್ರಿಕೆ ತಂದರು. ಸಂಗೀತದ ಜೊತೆಗೆ ಉಡುಪು, ಸಿನಿಮಾ ಎಲ್ಲವೂ ಅದರಲ್ಲಿತ್ತು. 1981ರಿಂದ 1986ರವರೆಗೆ ಅದರ ಪುಟಗಳನ್ನು ರೂಪಿಸಿದವರು ನೆವಿಲ್ ಬ್ರೋಡಿ. ಸಿದ್ಧ ಅಕ್ಷರಗಳು ಸಾಲದೆಂದು ತಲೆಬರಹಗಳಿಗೆ ತಾವೇ ಅಕ್ಷರ ಕೊರೆದರು. ಪರಿವಿಡಿ ಪುಟದ ಮೇಲಿನ ‘ಪರಿವಿಡಿ’ ಎಂಬ ಇಂಗ್ಲಿಷ್ ಪದವನ್ನು ಸಂಚಿಕೆಯಿಂದ ಸಂಚಿಕೆಗೆ ಸ್ವಲ್ಪ ಸ್ವಲ್ಪವೇ ಕರಗಿಸುತ್ತಾ ಹೋಗಿ, ಕೊನೆಗೆ ಅದು ಬರೀ ಗೆರೆ ಗುರುತುಗಳಾಗಿ ಉಳಿಯುವಂತೆ ಮಾಡಿದರು. ಓದುಗರಿಗೆ ತೊಂದರೆಯಾಗಲಿಲ್ಲ. ಆ ಜಾಗದಲ್ಲಿ ಪರಿವಿಡಿ ಇರುತ್ತದೆಂದು ಅವರ ಕಣ್ಣಿಗೆ ಅಭ್ಯಾಸವಾಗಿತ್ತು. ನಿಯಮ ಮುರಿಯುವ ಮೊದಲು ಅವರು ಓದುಗರಿಗೆ ನಿಯಮವನ್ನು ಕಲಿಸಿದ್ದರು.

ಇನ್ನೊಬ್ಬರು ಅಮೆರಿಕದ ಡೇವಿಡ್ ಕಾರ್ಸನ್. ಮೂಲತಃ ಸಮಾಜಶಾಸ್ತ್ರ ಕಲಿಸುತ್ತಿದ್ದ ಶಿಕ್ಷಕ, ಸಮುದ್ರದಲೆಗಳ ಮೇಲೆ ಹಲಗೆ ಜಾರಿಸುವ ಕ್ರೀಡಾಪಟು. 1992ರಲ್ಲಿ ಆರಂಭವಾದ ‘ರೇ ಗನ್’ ಪತ್ರಿಕೆಯಲ್ಲಿ ಸಾಲುಗಳನ್ನು ಒಂದರ ಮೇಲೊಂದು ಹಾಯಿಸಿದರು, ಕಾಲಂಗಳನ್ನು ಒಡೆದರು. 1994ರಲ್ಲಿ ಬ್ರಯಾನ್ ಫೆರಿ ಎಂಬ ಹಾಡುಗಾರನ ಸಂದರ್ಶನ ಕೈಗೆ ಬಂದಾಗ, ಅದು ನೀರಸವೆನಿಸಿ, ಇಡೀ ಸಂದರ್ಶನವನ್ನು ಅಕ್ಷರಗಳೇ ಇಲ್ಲದ, ಬರೀ ನಕ್ಷತ್ರ, ಬಾಣ, ಹೂವಿನ ಗುರುತುಗಳಿರುವ ಫಾಂಟಿನಲ್ಲಿ ಅಚ್ಚು ಹಾಕಿಬಿಟ್ಟರು! ನಮ್ಮ ಪ್ರೆಸ್ಸಿನಲ್ಲಿ ಫಾಂಟ್ ಕೈಕೊಟ್ಟಾಗ ಬರುತ್ತಿದ್ದ ಪುಟ ಹೀಗೇ ಇರುತ್ತಿತ್ತು. ನಮಗೆ ಬೈಗುಳ ಬಿತ್ತು, ಅವರಿಗೆ ಹೆಸರು ಬಂತು. ನಗುವ ಮೊದಲು ಇದನ್ನೂ ಕೇಳಿ: ಅದೇ ಸಂಚಿಕೆಯ ಹಿಂಭಾಗದಲ್ಲಿ ಆ ಸಂದರ್ಶನವನ್ನು ಓದಬಹುದಾದ ಅಕ್ಷರದಲ್ಲೂ ಕೊಟ್ಟಿದ್ದರು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಬರಹ ನೀರಸವೆಂದು ತೀರ್ಮಾನಿಸುವ ಹಕ್ಕು ಪುಟ ಕಟ್ಟುವವನಿಗೆ ಕೊಟ್ಟವರಾರು? ಆ ಬೀಡಿಯ ಪ್ರಬಂಧವನ್ನು ಕಿರಿದು ಮಾಡಿದ ದಿನ ನಾನೂ ಅಂಥದೇ ತೀರ್ಮಾನ ಮಾಡಿದ್ದೆ, ಅವರಷ್ಟು ಧೈರ್ಯದಿಂದಲ್ಲ, ಅಷ್ಟೇ.

ಕೆಲವೊಮ್ಮೆ ಏನನ್ನೂ ಸೇರಿಸದಿರುವುದೇ ವಿನ್ಯಾಸ. ಅಮೆರಿಕದ ‘ರೋಲಿಂಗ್ ಸ್ಟೋನ್’ 1967ರಲ್ಲಿ ಸುದ್ದಿಕಾಗದದ ಮೇಲೆ ಹುಟ್ಟಿದ್ದು. ಮೊದಲ ಮುಖಪುಟದಲ್ಲಿ ಹಾಡುಗಾರ ಜಾನ್ ಲೆನ್ನನ್. 1980ರ ಡಿಸೆಂಬರ್ 8ರಂದು ಛಾಯಾಗ್ರಾಹಕಿ ಆನಿ ಲೀಬೊವಿಟ್ಸ್, ಲೆನ್ನನ್ ತಮ್ಮ ಪತ್ನಿ ಯೋಕೊ ಓನೊರನ್ನು ಅಪ್ಪಿ ಮಲಗಿರುವ ಚಿತ್ರ ತೆಗೆದರು. ಅದೇ ರಾತ್ರಿ ಲೆನ್ನನ್ ಗುಂಡೇಟಿಗೆ ಬಲಿಯಾದರು. 1981ರ ಜನವರಿ 22ರ ಸಂಚಿಕೆಯ ಮುಖಪುಟಕ್ಕೆ ಆ ಚಿತ್ರ ಬಂತು. ಪತ್ರಿಕೆಯ ಹೆಸರಿದೆ, ತಲೆಬರಹ ಒಂದೂ ಇಲ್ಲ. 2005ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಸಂಘ ಕಳೆದ 40 ವರ್ಷಗಳ ಅತ್ಯುತ್ತಮ ಮುಖಪುಟವೆಂದು ಅದನ್ನೇ ಆರಿಸಿತು. ನಮ್ಮ ಕೈಯಲ್ಲಾಗಿದ್ದರೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ದಪ್ಪಕ್ಷರದಲ್ಲಿ ಬರೆದು ಸುತ್ತ ಕಪ್ಪು ಅಂಚು ಹಾಕುತ್ತಿದ್ದೆವು.

ವಿನ್ಯಾಸ ಒಂದೇ ಪತ್ರಿಕೆಯನ್ನು ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಸ್ಮ್ಯಾಶ್ ಹಿಟ್ಸ್ 2006ರಲ್ಲಿ ನಿಂತಿತು. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ 2015ರಲ್ಲಿ ಉಚಿತ ಪತ್ರಿಕೆಯಾಗಿ, 2018ರ ಮಾರ್ಚಿನಲ್ಲಿ ಅದರ ವಾರದ ಮುದ್ರಣ ಕೊನೆಗೊಂಡಿತು. ಕ್ಯೂ 2020ರಲ್ಲಿ ಮುಚ್ಚಿತು. ಹಾಡು, ಹಾಡಿನ ಸಾಹಿತ್ಯ, ಹಾಡುಗಾರನ ಸುದ್ದಿ ಎಲ್ಲವೂ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಕಪಾಟಿನ ಮುಂದೆ ನಿಲ್ಲುವವರು ಕಡಿಮೆಯಾದರು. ನಮ್ಮ ಸಂಚಿಕೆಗೆ ಆ ಭಯವಿಲ್ಲ, ಅದನ್ನು ಮನೆಮನೆಗೆ ನಾವೇ ತಲುಪಿಸುತ್ತೇವೆ. ಆದರೆ ತಲುಪಿದ ಸಂಚಿಕೆಯನ್ನು ಬಿಚ್ಚುತ್ತಾರೆಯೇ? ತಮ್ಮ ಫೋಟೋ ಇರುವ ಪುಟ ನೋಡಿ ಕಪಾಟಿನ ಮೇಲಿಡುತ್ತಾರೆಯೇ? ಹಿರಿಯರು ಕ್ಷಮಿಸಬೇಕು, ಉತ್ತರ ನಮಗೆಲ್ಲ ಗೊತ್ತಿದೆ.

ಊಟದ ನಂತರ ಈ ಸಭಾಂಗಣದ ನೆಲದ ಮೇಲೆ ನಮ್ಮ ಕಳೆದ ಐದು ವರ್ಷಗಳ ಸಂಚಿಕೆಗಳನ್ನು ಹರಡೋಣ. ಚಪ್ಪಲಿ ಬಿಡುವ ಬಾಗಿಲ ಹತ್ತಿರ ನಿಂತು ನೋಡಿ, ಯಾವ ಹೆಸರು ಅಲ್ಲಿಂದ ಓದಲು ಬರುತ್ತದೆ, ಯಾವ ಮುಖ ನಿಮ್ಮನ್ನು ನೋಡುತ್ತದೆ ಎಂದು ಬರೆದುಕೊಳ್ಳಿ. ಕತ್ತರಿ, ಅಂಟು, ಸ್ಕೇಲು ತಂದಿದ್ದೇನೆ. ಈ ಸಲದ ಸಂಚಿಕೆಯ ಪ್ರೂಫಿನ ಜೆರಾಕ್ಸ್ ಪ್ರತಿಗಳನ್ನು ಕಾರ್ಯದರ್ಶಿಯವರು ಕೊಟ್ಟಿದ್ದಾರೆ. ಸಂದೇಶಗಳನ್ನು ಎಲ್ಲಿ ಹಾಕಬೇಕೆಂಬ ವಾದವನ್ನು ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಪರಿವಿಡಿ ಪುಟವನ್ನು ಕಟ್ಟೋಣ. ಬರೆದ ಪ್ರತಿಯೊಬ್ಬರ ಹೆಸರೂ, ಪುಟದ ಸಂಖ್ಯೆಯೂ ಅದರಲ್ಲಿ ಬರಲಿ.