ಆಸ್ಪತ್ರೆಯ ಬಾಗಿಲಿನಿಂದ ಮನೆಯ ಹೊಸ್ತಿಲವರೆಗೆ



ರೋಗಿಯನ್ನು ಆಸ್ಪತ್ರೆಗೆ ಸೇರಿಸಿದೊಡನೆ ಬಂಧುಗಳ ಹೊಣೆ ತೀರಿತೆಂದೂ, ಮನೆಗೆ ಕಳುಹಿಸಿದೊಡನೆ ವೈದ್ಯರ ಹೊಣೆ ತೀರಿತೆಂದೂ ಭಾವಿಸುವುದು ಲೋಕರೂಢಿಯಾಗಿರುವುದು. ಈ ಎರಡರ ನಡುವಣ ದಾರಿಯಲ್ಲಿಯೇ ಎಷ್ಟೋ ಮಂದಿ ರೋಗಿಗಳು ದಿಕ್ಕಿಲ್ಲದವರಾಗುವರು.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಸೀಮೆಯನ್ನೇ ನೋಡಿರಿ. ಇಲ್ಲಿಯ ಕ್ಷಯರೋಗಿಯೊಬ್ಬನು ಬೆಂಗಳೂರಿನಲ್ಲಿ ಚಿಕಿತ್ಸೆಯನ್ನಾರಂಭಿಸಿ ಊರಿಗೆ ಮರಳಿದನೆಂದಿಟ್ಟುಕೊಳ್ಳೋಣ. ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಬಗೆಯ ಔಷಧಗಳನ್ನೂ, ಮುಂದಿನ 4 ತಿಂಗಳು ಮೂರು ಬಗೆಯವನ್ನೂ ದಿನವೂ ಸೇವಿಸಬೇಕು. ಆದರೆ ಕೆಲವು ವಾರಗಳಲ್ಲಿಯೇ ಜ್ವರವಿಳಿದು, ಕೆಮ್ಮು ತಗ್ಗಿ, ಹಸಿವು ಮರಳುವುದು. ರೇಷ್ಮೆಹುಳುವಿಗೆ ಸೊಪ್ಪು ತರಬೇಕು, ಕೂಲಿ ಕೆಡಬಾರದು ಎಂಬ ಚಿಂತೆಯಲ್ಲಿ ಮಾತ್ರೆಯು ಮರೆವಿಗೆ ಬೀಳುವುದು. ಆಗ ಅಳಿದುಳಿದ ಕ್ರಿಮಿಗಳು ಔಷಧಕ್ಕೆ ಮಣಿಯದಂತಾಗಿ, ರೋಗವು ಹಿಂದಿಗಿಂತ ಉಗ್ರವಾಗಿ ಮರುಕಳಿಸಿ, ಮನೆಯ ಮಕ್ಕಳಿಗೂ ಅಂಟಬಹುದು.

ಮನೆಯಲ್ಲಿಯೇ ಕ್ರಮವಾಗಿ ಔಷಧವನ್ನು ಸೇವಿಸುವವರೂ ಸ್ಯಾನಿಟೋರಿಯಂವಾಸಿಗಳಂತೆಯೇ ಗುಣಹೊಂದುವರೆಂಬುದನ್ನು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವು ತೋರಿಸಿಕೊಟ್ಟಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆ ಚಿಕಿತ್ಸೆಯು ಹಳ್ಳಿಗೆ ಸಮೀಪದ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ದೊರೆಯುವಂತಹ ಕ್ರಮವನ್ನು ರೂಪಿಸಿತು. 1962ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ‘ಕ್ರಮವಾಗಿ’ ಎಂಬ ಆ ಒಂದು ಮಾತಿನಲ್ಲಿಯೇ ಸಕಲ ಫಲವೂ ಅಡಗಿರುವುದು.

ಆದಕಾರಣ, ರೋಗಿಯು ಮರಳುವಾಗ ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿ ತಂದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಊರಿನ ಆಶಾ ಕಾರ್ಯಕರ್ತೆಯಲ್ಲಿಯೂ ತೋರಿಸತಕ್ಕದ್ದು. ಕೂಲಿಗಾಗಿ ಪರಸ್ಥಳಕ್ಕೆ ಹೋಗುವುದಾದರೆ, ಔಷಧವು ಅಲ್ಲಿಯೂ ದೊರೆಯುವಂತೆ ಮುಂಚಿತವಾಗಿಯೇ ತಿಳಿಸತಕ್ಕದ್ದು. ಪೌಷ್ಟಿಕ ಆಹಾರಕ್ಕಾಗಿ ಸರ್ಕಾರವು 2018ರಿಂದ ತಿಂಗಳಿಗೆ 500 ರೂಪಾಯಿಗಳನ್ನು ಕೊಡುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗಳಿಗೆ ಏರಿಸಿರುವುದು. ಅದನ್ನು ಪಡೆಯಲು ಸಂಕೋಚವು ಬೇಡ.

ವೈದ್ಯನು ಔಷಧವನ್ನು ಕೊಡಬಲ್ಲನು. ಪ್ರತಿದಿನವೂ ರೋಗಿಯ ಹೊಸ್ತಿಲಲ್ಲಿ ನಿಲ್ಲಲಾರನು. ಅಲ್ಲಿ ನಿಲ್ಲತಕ್ಕವರು ನೆರೆಹೊರೆಯವರು. ರೋಗಿಯನ್ನು ದೂರವಿಡದೆ, ‘ಇಂದಿನ ಮಾತ್ರೆ ಆಯಿತೇನಪ್ಪಾ?’ ಎಂದು ವಿಚಾರಿಸುವುದೂ, ತಪಾಸಣೆಯ ದಿನ ಜೊತೆಗೆ ಬಸ್ಸನ್ನೇರುವುದೂ ಅಲ್ಪ ಸೇವೆಯಲ್ಲ. ಹಸಿದವನಿಗೆ ಅನ್ನವನ್ನಿಕ್ಕುವ ದಾಸೋಹವು ಒಂದು ಹೊತ್ತಿನದಲ್ಲ, ನಿತ್ಯದ್ದು. ರೋಗಿಯ ಆರೈಕೆಯೂ ಹಾಗೆಯೇ ನಿತ್ಯವಾದಾಗ ಒಂದು ಮನೆಯ ದೀಪವು ಆರದೆ ಉಳಿಯುವುದು.