ಒಂದೇ ಉಸಿರಿನಲ್ಲಿ ಆಳಕ್ಕೆ



ಬೇಸಿಗೆ ರಜೆಯಲ್ಲಿ ಬಾವಿಗೆ ಧುಮುಕಿ, ತಳದ ಕೆಸರನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಬರುವ ಪಂದ್ಯ ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಮುಳುಗಿ ಏಳುವ ಈ ವಿದ್ಯೆಗೆ ಇಂದು ಫ್ರೀಡೈವಿಂಗ್ ಎಂಬ ಹೆಸರಿದೆ. ದಕ್ಷಿಣ ಕೊರಿಯಾದ ಜೇಜು ದ್ವೀಪದ ಹೇನ್ಯೋ ಮಹಿಳೆಯರು ಹೀಗೆ ಮುಳುಗಿಯೇ ಕಪ್ಪೆಚಿಪ್ಪು, ಕಡಲಪಾಚಿ ಹೆಕ್ಕಿ ಸಂಸಾರ ನಡೆಸಿದವರು. ಅವರಲ್ಲಿ ಈಗ ಉಳಿದಿರುವವರು ಬಹುಪಾಲು ಅಜ್ಜಿಯರೇ!

ಕಲಿಯುವ ಆಸೆಯುಳ್ಳವರು ಮೊದಲು ತಿಳಿಯಬೇಕಾದ ವಿಷಯ ನೀರಿನಲ್ಲಿಲ್ಲ, ರಕ್ತದಲ್ಲಿದೆ. ಉಸಿರು ಕಟ್ಟಿದಾಗ ತಹತಹ ಹುಟ್ಟುವುದೇಕೆ? ಆಮ್ಲಜನಕ ಮುಗಿದದ್ದರಿಂದ ಎಂದು ನೀವು ಹೇಳಬಹುದು. ಹಾಗಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ಗುರುತಿಸಿ ಮೆದುಳು ಬಾರಿಸುವ ಎಚ್ಚರಿಕೆಯ ಗಂಟೆ ಅದು. ಮುಳುಗುವ ಮೊದಲು ಹತ್ತಿಪ್ಪತ್ತು ಬಾರಿ ಜೋರಾಗಿ ಉಸಿರೆಳೆದು ಬಿಡುವ ಹುಡುಗರನ್ನು ನೀವು ನೋಡಿರಬಹುದು. ಇದರಿಂದ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ರಕ್ತದಲ್ಲಿ ಅದು ಮೊದಲೇ ತುಂಬಿರುತ್ತದೆ. ಡೈಆಕ್ಸೈಡ್ ಮಾತ್ರ ಹೊರಹೋಗುತ್ತದೆ. ಗಂಟೆ ಬಾರಿಸುವುದು ತಡವಾಗುತ್ತದೆ, ಅದಕ್ಕೂ ಮೊದಲೇ ಪ್ರಜ್ಞೆ ತಪ್ಪಬಹುದು. ಆಳದಿಂದ ಮೇಲೇಳುವಾಗ ನೀರಿನ ಒತ್ತಡ ಇಳಿದಂತೆ ಶ್ವಾಸಕೋಶದಲ್ಲಿನ ಆಮ್ಲಜನಕದ ಒತ್ತಡವೂ ಕುಸಿಯುವುದರಿಂದ, ಕೊನೆಯ ಕೆಲವು ಮೀಟರುಗಳೇ ಹೆಚ್ಚು ಅಪಾಯಕಾರಿ. ನೀರೊಳಗಿನ ಚೆಲುವನ್ನು ಪರದೆಯ ಮೇಲೆ ತೋರಿಸುವುದು ನಮಗೆ ಸುಲಭ; ಇದನ್ನು ತೋರಿಸುವುದು ಕಷ್ಟ. ಏಕೆಂದರೆ ಪ್ರಜ್ಞೆ ತಪ್ಪಿದವನು ಕೈಕಾಲು ಬಡಿಯುವುದಿಲ್ಲ, ಕೂಗುವುದೂ ಇಲ್ಲ.

ಇನ್ನು ಬಾಯ್ಲನ ನಿಯಮ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕಿವಿಗೇ ಅನುಭವವಾಗುತ್ತದೆ. 10 ಮೀಟರ್ ಆಳದಲ್ಲಿ ಎದೆಯೊಳಗಿನ ಗಾಳಿ ಅರ್ಧಕ್ಕೆ, 30 ಮೀಟರಿನಲ್ಲಿ ಕಾಲುಭಾಗಕ್ಕೆ ಕುಗ್ಗುತ್ತದೆ. ಕಿವಿ ನೋಯುವ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಒತ್ತಡ ಸರಿದೂಗಿಸಬೇಕು. ಆಗದಿದ್ದರೆ ಬಲವಂತ ಮಾಡದೆ ಮೇಲೆ ಬರಬೇಕು. ನೆಗಡಿಯಿದ್ದ ದಿನ ಮುಳುಗುವ ಮಾತೇ ಬೇಡ. ಬಹಳ ಆಳಕ್ಕೆ ಹೋದರೆ ಎದೆಗೂಡು ನಜ್ಜುಗುಜ್ಜಾದೀತೆಂದು ಒಂದು ಕಾಲದಲ್ಲಿ ವಿಜ್ಞಾನಿಗಳೇ ನಂಬಿದ್ದರು. 1976ರಲ್ಲಿ ಫ್ರಾನ್ಸಿನ ಜಾಕ್ ಮಯೋಲ್ ಇಟಲಿಯ ಎಲ್ಬಾ ದ್ವೀಪದ ಬಳಿ 100 ಮೀಟರ್ ಇಳಿದು ಜೀವಂತ ಮರಳಿದರು. ಆಳದಲ್ಲಿ ಕೈಕಾಲುಗಳ ರಕ್ತ ಎದೆಯತ್ತ ಸರಿದು, ಕುಗ್ಗಿದ ಗಾಳಿಯ ಜಾಗವನ್ನು ತುಂಬುತ್ತದೆ.

ಆರಂಭಿಸುವವರಿಗೆ ಈ ಆಳವೆಲ್ಲ ಬೇಡ. ಮನೆಯಲ್ಲಿ ಚಾಪೆಯ ಮೇಲೆ ಮಲಗಿ, ಮೈ ಸಡಿಲಿಸಿ ಉಸಿರು ಹಿಡಿಯುವುದರಿಂದಲೇ ಅಭ್ಯಾಸ ಶುರುವಾಗಲಿ. ಸ್ನಾನದ ತೊಟ್ಟಿಯಲ್ಲಿ ಮಾತ್ರ ಒಬ್ಬರೇ ಮಾಡಬೇಡಿ. ನೀರಿಗಿಳಿಯುವುದು ತರಬೇತಿ ಪಡೆದ ಶಿಕ್ಷಕರೊಂದಿಗೆ. ಒಬ್ಬರು ಮುಳುಗಿದಾಗ ಇನ್ನೊಬ್ಬರು ನೀರಿನ ಮೇಲಿದ್ದು ಕಣ್ಣಿಟ್ಟಿರಬೇಕು. ದಡದಲ್ಲಿ ಹರಟುತ್ತ ಕುಳಿತ ಗೆಳೆಯ ಕಾವಲುಗಾರನಲ್ಲ. ಮುಳುಗಿದವರು ಮೇಲೆ ಬಂದು ನಕ್ಕ ನಂತರವೂ ಅರ್ಧ ನಿಮಿಷ ಅವರ ಮುಖದಿಂದ ದೃಷ್ಟಿ ತೆಗೆಯಬಾರದು, ಪ್ರಜ್ಞೆ ಆಗಲೂ ತಪ್ಪಬಹುದು.